ಆಟ, ಕಳರಿ ಮತ್ತು ನೋಡುವ ಕಣ್ಣು

ಮಾಘದ ಬಿಸಿಲಿನಲ್ಲಿ ಕೊಡಗಿನ ಸುಂಟಿಕೊಪ್ಪದ ಸುತ್ತಣ ತೋಟಗಳ ಕಾಫಿಕಣವನ್ನು ನೋಡಿದವರಿಗೆ ಒಂದು ದೃಶ್ಯ ಸುಪರಿಚಿತ. ಹರಡಿದ ಹಣ್ಣಿನ ಮೇಲೆ ಹೆಂಗಸೊಬ್ಬಳು ಪಾದಗಳನ್ನು ನೆಲದಿಂದ ಎತ್ತದೆ, ಒಂದರ ಹಿಂದೊಂದನ್ನು ಸವರಿಕೊಂಡು ನಡೆಯುತ್ತ, ಕಣದ ಈ ಅಂಚಿನಿಂದ ಆ ಅಂಚಿಗೆ ನೂಲು ಹಿಡಿದಂತಹ ಸಾಲುಗಳನ್ನು ಎಳೆಯುತ್ತಾಳೆ. ಅಂಚು ತಲಪಿದೊಡನೆ ಮೊದಲು ಭುಜ ತಿರುಗುತ್ತದೆ, ಆಮೇಲೆ ಸೊಂಟ, ಕಟ್ಟಕಡೆಗೆ ಪಾದ. ಬಾಲ್ಯದಿಂದ ಕಂಡ ಈ ನಡಿಗೆಯನ್ನು ನಾನು ನೃತ್ಯವೆಂದು ಎಣಿಸಿದವನಲ್ಲ, ಎಣಿಸಲೇಬೇಕೆಂಬ ಹಠವೂ ನನಗಿಲ್ಲ. ಆದರೆ ಬಸ್ಸಿನಲ್ಲಿ ಆರು ತಾಸು ಕುಲುಕಾಡಿ ಬೆಂಗಳೂರಿಗೆ ಹೋಗಿ, ಅದೇ ಸಂಜೆ ನಾಟಕಶಾಲೆಯೊಂದರ ಕತ್ತಲೆಯಲ್ಲಿ ಕುಳಿತಿದ್ದಾಗ, ಪರದೇಶದ ನರ್ತಕಿಯೊಬ್ಬಳು ರಂಗದ ಉದ್ದಗಲಕ್ಕೂ ಪಾದವೆತ್ತದೆ ಸರಿದು, ಅಂಚಿನಲ್ಲಿ ಮೊದಲು ಭುಜವನ್ನೇ ತಿರುಗಿಸಿದುದನ್ನು ಕಂಡೊಡನೆ ನಮ್ಮೂರಿನ ಕಣವೇ ಕಣ್ಣಮುಂದೆ ಬಂದು ನಿಂತಿತು. ಪಕ್ಕದ ಆಸನದ ಹಿರಿಯರು ನನ್ನತ್ತ ಬಾಗಿ, “ಇದರ ಅರ್ಥವೇನು ಸ್ವಾಮಿ?” ಎಂದು ಮೆಲ್ಲನೆ ಕೇಳಿದರು. ಕಾಫಿ ಒಣಗಿಸುವುದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆ ಸಂಜೆ ನಾನು ಹೋಗಿದ್ದುದು ಆಟ್ಟಕ್ಕಳರಿ ಸಂಸ್ಥೆಯವರು ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದಿರುವ ಅಂತಾರಾಷ್ಟ್ರೀಯ ಸಮಕಾಲೀನ ನೃತ್ಯೋತ್ಸವಕ್ಕೆ. ಹೆಸರು ಮಲೆಯಾಳದ್ದು, ಆಟ್ಟವೆಂದರೆ ನರ್ತನ, ಕಳರಿಯೆಂದರೆ ಗರಡಿ. ಸುಂಟಿಕೊಪ್ಪದ ಪೇಟೆಯಲ್ಲಿ ಕನ್ನಡ, ಕೊಡವ, ಅರೆಭಾಷೆ, ತುಳು, ಮಲೆಯಾಳ, ತಮಿಳುಗಳನ್ನು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿ ಬೆಳೆದವರಿಗೆ ಈ ಹೆಸರಿನಲ್ಲಿ ಪರಕೀಯತೆ ತೋರದು: ನಮ್ಮ ‘ಆಟ’ವೂ ಕೊಡವರ ಉಮ್ಮತ್ತಾಟ್, ಬೊಳಕಾಟ್, ಪೀಲಿಯಾಟ್‌ಗಳ ‘ಆಟ್’ ಕೂಡ ಆ ಮಾತಿನ ಒಡಹುಟ್ಟುಗಳೇ. ಭೌತಶಾಸ್ತ್ರವನ್ನು ಓದಿ, ಭರತನಾಟ್ಯ, ಕಥಕಳಿ, ಕಳರಿಪಯಟ್ಟುಗಳನ್ನು ಅಭ್ಯಸಿಸಿ, ಬಳಿಕ ಲಂಡನ್ನಿಗೆ ಹೋಗಿ ಅಲ್ಲಿನ ಸಮಕಾಲೀನ ನೃತ್ಯಶಾಲೆಯಲ್ಲಿ ಶಿಕ್ಷಣ ಪಡೆದ ಜಯಚಂದ್ರನ್ ಪಾಲಾಳಿಯವರು, ಬೇರೆಬೇರೆ ಕಲೆಗಳ ಗೆಳೆಯರೊಡನೆ ಸೇರಿ 1992ರಲ್ಲಿ ಈ ಸಂಸ್ಥೆಗೆ ಅಂಕುರಾರ್ಪಣ ಮಾಡಿದರು. ನೃತ್ಯೋತ್ಸವದ ಪರಂಪರೆ 2000ದಲ್ಲಿ ಆರಂಭವಾಗಿ, 2017ರ ಫೆಬ್ರವರಿಯಲ್ಲಿ ಎಂಟನೆಯ ಆವೃತ್ತಿಯನ್ನು ಕಂಡಿತು.

ಸಮಕಾಲೀನ ನೃತ್ಯವೆಂಬುದು ಬೆಂಗಳೂರಿಗೆ ಹೊರಗಿನಿಂದ ಬಂದು ಬಿದ್ದ ವಸ್ತುವೆಂದು ಭಾವಿಸುವವರು ಉಂಟು. ಅವರಿಗೆ ಈ ಊರಿನ ಪೂರ್ವಕಥೆ ತಿಳಿಯದು. ಬೆಂಗಳೂರಿನ ರಾಮಗೋಪಾಲರು 1939ರಲ್ಲೇ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಕುಣಿದು ಅಲ್ಲಿಯ ರಸಿಕರನ್ನು ಬೆರಗುಗೊಳಿಸಿದ್ದರು. ಮಲ್ಲೇಶ್ವರದಲ್ಲಿ ಹುಟ್ಟಿ, ಕಥಕ್ ಕಲಿತು, ಸೋವಿಯೆತ್ ರಷ್ಯಕ್ಕೆ ಹೋಗಿ ನೃತ್ಯಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಅಧ್ಯಯನ ಮಾಡಿ ಬಂದ ಮಾಯಾ ರಾವ್ ಅವರು, ಕುಣಿಯುವುದು ಬೇರೆ, ಕುಣಿತವನ್ನು ಕಟ್ಟುವುದು ಬೇರೆ, ಎರಡನೆಯದಕ್ಕೂ ಪಾಠಪಟ್ಟಿ ಬೇಕು ಎಂಬುದನ್ನು ಮೊದಲು ದಿಲ್ಲಿಯಲ್ಲಿ, 1987ರಿಂದಾಚೆಗೆ ಬೆಂಗಳೂರಿನಲ್ಲಿ ಸಾಧಿಸಿ ತೋರಿಸಿದರು. ಅವರ ಮಗಳು ಮಧು ನಟರಾಜ್ 1995ರಲ್ಲಿ ಕಟ್ಟಿದ ಸ್ಟೆಮ್ ತಂಡ ಅದೇ ಬಳ್ಳಿಯ ಇನ್ನೊಂದು ಕುಡಿ. ಇತ್ತ ಕರಾವಳಿಯಲ್ಲಿ ಶಿವರಾಮ ಕಾರಂತರು ಯಕ್ಷಗಾನದ ಮಾತನ್ನು ಕಳಚಿ, ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದು, ಗತಿಯಿಂದಲೇ ಕಥೆ ನಡೆಯಲಿ ಎಂದು ಹಟಹಿಡಿದಾಗ ಬೈಗುಳ ತಿಂದದ್ದು ಸಾಮಾನ್ಯವಲ್ಲ. 1984ರಲ್ಲಿ ಮುಂಬಯಿಯಲ್ಲಿ ಪೂರ್ವ ಪಶ್ಚಿಮದ ನರ್ತಕರನ್ನು ಎದುರುಬದುರು ಕೂರಿಸಿದ ಗೋಷ್ಠಿ ನಡೆದು, ಚಂದ್ರಲೇಖಾ ಅವರು ಬಹುಕಾಲದ ಮೌನವನ್ನು ಮುರಿದು ಮತ್ತೆ ರಂಗಕ್ಕೆ ಬಂದುದನ್ನು ಬಲ್ಲವರು ಭಾರತೀಯ ನೃತ್ಯದ ಒಂದು ತಿರುವೆಂದು ಎಣಿಸುತ್ತಾರೆ. ಆಟ್ಟಕ್ಕಳರಿಯ ಉತ್ಸವ ಮೊಳೆತುದು ಹೀಗೆ ಆಗಲೇ ಉತ್ತು ಹದಗೊಂಡಿದ್ದ ನೆಲದಲ್ಲಿ.

ಉತ್ಸವವೆಂದರೆ ಸಂಜೆಯ ಪ್ರದರ್ಶನಗಳು ಮಾತ್ರ ಎಂದು ತಿಳಿದು ಹೋಗಿದ್ದ ನನಗೆ ಹಗಲು ನಡೆಯುವುದೇ ಅಧಿಕವಾಗಿ ಕಂಡಿತು. ಉತ್ಸವಕ್ಕೆ ಹಲವು ವಾರ ಮುಂಚೆಯೇ ನಾನಾ ದೇಶಗಳ ತರುಣ ನೃತ್ಯಸಂಯೋಜಕರನ್ನು ಕರೆಸಿ, ಬೆಳಕು, ಧ್ವನಿ, ರಚನಾವಿನ್ಯಾಸಗಳನ್ನು ಬಲ್ಲ ಹಿರಿಯರ ಜತೆಗೆ ಒಂದೆಡೆ ಇರಿಸಿ, ಅವರ ಕೃತಿಗಳು ಕಣ್ಣೆದುರೇ ಹುಟ್ಟುವಂತೆ ಮಾಡುವ ‘ಫ್ಯಾಸೆಟ್ಸ್’ ಎಂಬ ವಸತಿಶಿಬಿರವೊಂದು. ಬೆಳಗಿನ ಹೊತ್ತು ಹೊರಗಿನಿಂದ ಬಂದ ಕಲಾವಿದರು ನಡೆಸುವ ಪಾಠಗಳು ಇನ್ನೊಂದು. ಇವೆರಡಕ್ಕಿಂತಲೂ ನನ್ನ ಕುತೂಹಲವನ್ನು ಸೆಳೆದ ಮೂರನೆಯದು, ನೃತ್ಯವನ್ನು ಕುರಿತು ಬರೆಯುವುದನ್ನು ಕಲಿಸುವ ಕಮ್ಮಟ. ಆಡುವವನಿಗೆ ಗರಡಿಯುಂಟು, ಕಟ್ಟುವವನಿಗೂ ಉಂಟು. ನೋಡಿ ಬರೆಯುವವನಿಗೂ ಒಂದು ಗರಡಿ ಬೇಕೆಂದು ಯೋಚಿಸಿದವರನ್ನು ನಾನು ಇದಕ್ಕೆ ಮೊದಲು ಕಂಡಿರಲಿಲ್ಲ.

ಅದರ ಅಗತ್ಯವೆಷ್ಟೆಂಬುದು ನನಗೆ ನನ್ನ ಕೈಯಲ್ಲೇ ಗೊತ್ತಾಯಿತು. ಕೋಣೆಗೆ ಹಿಂದಿರುಗಿ, ಕಂಡುದನ್ನು ಕನ್ನಡದಲ್ಲಿ ಬರೆದಿಡೋಣವೆಂದು ಕುಳಿತೆ. ಭರತನಾಟ್ಯವನ್ನು ಕುರಿತು ಬರೆಯುವಾಗ ಅಡವು, ಜತಿ, ಅಭಿನಯ, ಸಂಚಾರಿ, ಅಂಗಶುದ್ಧಿ ಎಂದು ಕೈಗೆ ತಾನಾಗಿ ಬಂದು ಸೇರುವ ಮಾತುಗಳು ಇಲ್ಲಿ ಒಂದೂ ನೆರವಿಗೆ ಬರಲಿಲ್ಲ. ನಾಯಿಕೆ ಇಲ್ಲ, ಪದವಿಲ್ಲ, ಕಥೆಯಿಲ್ಲ. ಇದ್ದುದು ಒಂದು ದೇಹ, ಅದರ ಭಾರ, ಆ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವ ಕ್ಷಣ, ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಉಸಿರು. ಅರ್ಧ ಗಂಟೆ ಹೆಣಗಿ ನಾನು ಬರೆದುದು “ಭಾವಪೂರ್ಣವಾಗಿತ್ತು” ಎಂಬ ಒಂದೇ ವಾಕ್ಯ, ಅದೂ ಸುಳ್ಳು. ನಮ್ಮ ಪತ್ರಿಕೆಗಳಲ್ಲಿ ಇಂತಹ ನೃತ್ಯದ ವಿಮರ್ಶೆ ವಿರಳವಾಗಿರುವುದಕ್ಕೆ ಸಂಪಾದಕರ ಅನಾಸ್ಥೆಗಿಂತ ನಮ್ಮ ಈ ಮೂಕತನವೇ ಹೆಚ್ಚಿನ ಕಾರಣವೆಂದು ನನ್ನ ಅನುಮಾನ. ಪಕ್ಕದ ಆಸನದ ಹಿರಿಯರು ಅರ್ಥವನ್ನು ಕೇಳಿದುದೂ ಇದರಿಂದಲೇ ಇರಬೇಕು. ಏನು ನಡೆಯಿತೆಂದು ಹೇಳುವ ಮಾತು ಸಿಕ್ಕದಿದ್ದಾಗ ಮನುಷ್ಯ ಅದರ ಅರ್ಥವನ್ನು ಕೇಳುತ್ತಾನೆ.

ಕಂಡುದೆಲ್ಲ ಹಿಡಿಸಿತೆಂದು ಇದರಿಂದ ಯಾರೂ ತಿಳಿಯಬಾರದು. ಹಿಂದಿನ ಪರದೆಯ ಮೇಲೆ ಚಿತ್ರಗಳನ್ನು ಓಡಿಸಿ, ಬೆಳಕಿನ ಗೆರೆಗಳನ್ನು ನೆಲದ ಮೇಲೆಲ್ಲ ಹರಿಯಬಿಟ್ಟು, ನರ್ತಕನನ್ನೇ ಹುಡುಕಬೇಕಾದ ಸ್ಥಿತಿ ತಂದ ಪ್ರಯೋಗಗಳೂ ಇದ್ದುವು. ಯಂತ್ರ ಕುಣಿಯುವಾಗ ದೇಹ ಬದಿಗೆ ಸರಿದು ದಾರಿ ಬಿಡುತ್ತದೆ. ಈ ಅಪಾಯವನ್ನು ಆಟ್ಟಕ್ಕಳರಿಯೂ ಬಲ್ಲದು, ಏಕೆಂದರೆ ಅದರ ಸ್ವಂತ ಕೃತಿಗಳಲ್ಲಿ ತಂತ್ರಜ್ಞಾನಕ್ಕೆ ಸ್ಥಾನ ದೊಡ್ಡದು. ಶಿಲಪ್ಪದಿಕಾರದ ಕಣ್ಣಗಿಯ ಪ್ರಪಂಚವನ್ನು ಆಧರಿಸಿದ ‘ಕ್ರೋನೋಟೋಪಿಯಾ’ದಲ್ಲಿ ಜರ್ಮನಿಯ ಕ್ರಿಸ್ ಝೀಗ್ಲರ್ ಅವರ ದೃಶ್ಯವಿನ್ಯಾಸವೂ ನರ್ತಕರ ಶರೀರವೂ ಪರಸ್ಪರ ಮಾತನಾಡುತ್ತವೆ. ಭರತನಾಟ್ಯ, ಕಳರಿಪಯಟ್ಟುಗಳ ಚಲನೆಗಳನ್ನು ಗಣಕದಲ್ಲಿ ದಾಖಲಿಸಿ, ಒಂದೊಂದು ಸನ್ನೆಯನ್ನೂ ಬಿಡಿಸಿ ನೋಡಲು ಅನುವು ಮಾಡಿದ ‘ನಾಗರಿಕ’ ಎಂಬ ಆಟ್ಟಕ್ಕಳರಿಯ ಯೋಜನೆ ಮಾತ್ರ, ನನ್ನ ಮತದಲ್ಲಿ, ಹತ್ತು ಪ್ರದರ್ಶನಗಳಿಗೆ ಸಮ.

ಊರಿಗೆ ಮರಳುವ ದಾರಿಯಲ್ಲಿ ಬೈಲುಕುಪ್ಪೆ ಸಿಕ್ಕಿತು. 1961ರಿಂದ ಅಲ್ಲಿ ನೆಲೆಸಿರುವ ಟಿಬೆಟಿನವರ ಮಠಗಳಲ್ಲಿ ಹೊಸ ವರ್ಷದ ಹೊತ್ತಿಗೆ ಭಿಕ್ಷುಗಳು ಭೀಕರ ಮುಖವಾಡ ಧರಿಸಿ, ಒಂದು ಕಾಲನ್ನು ಎತ್ತಿ ಬಹಳ ಹೊತ್ತು ಹಾಗೆಯೇ ತೂಗಿ, ಆಮೇಲೆ ನಿಧಾನವಾಗಿ ಇಳಿಸುವ ಛಾಮ್ ಕುಣಿತವನ್ನು ನಾವೆಲ್ಲ ಅಂಗಳದಲ್ಲಿ ನಿಂತು ನೋಡಿದ್ದೇವೆ. ಒಬ್ಬರೂ ಅರ್ಥ ಕೇಳಿದವರಿಲ್ಲ. ಕಾವೇರಿಯ ಸೇತುವೆ ದಾಟಿ ಕುಶಾಲನಗರ ಕಳೆದರೆ ಸುಂಟಿಕೊಪ್ಪ. ಪುತ್ತರಿ ಹಬ್ಬದಲ್ಲಿ ಊರ ಬಯಲಾದ ಮಂದ್‌ಗೆ ಹೋದರೆ, ದುಡಿಯ ಸದ್ದಿಗೆ ಕೋಲಾಟ ನಡೆಯುವಾಗ ಸುತ್ತ ನಿಂತ ಮುದುಕರು ನೋಡುವುದೂ ಅರ್ಥವನ್ನಲ್ಲ: ಯಾವನ ಹೆಜ್ಜೆ ದುಡಿಗಿಂತ ಮುಂದೆ ಬಿತ್ತು, ಯಾವನು ಕೋಲನ್ನು ಮೊಣಕೈಯಿಂದ ಬೀಸಿದ, ಯಾವನು ಭುಜದಿಂದ ಬೀಸಿದ ಎಂಬುದನ್ನು. ವರ್ಷವಿಡೀ ಅದನ್ನೇ ನೆನೆದು ಛೇಡಿಸುತ್ತಾರೆ. ವಿಮರ್ಶೆಯ ಕಮ್ಮಟವೊಂದು ನಮ್ಮಲ್ಲೂ ಇತ್ತು. ಬರಹಕ್ಕೆ ಇಳಿಯಲಿಲ್ಲ, ಅಷ್ಟೆ.

ನೆರೆಮನೆಯ ಅಜ್ಜಿ ಕಿರಿಯ ವಯಸ್ಸಿನಲ್ಲಿ ಉಮ್ಮತ್ತಾಟ್‌ನಲ್ಲಿ ಹೆಸರಾದವರು. ಕಂಚಿನ ತಾಳಗಳನ್ನು ಹಿಡಿದು, ಬಾಗಿ, ಬಳಸಿ ಬರುವ ಆ ವೃತ್ತದಲ್ಲಿ ತಾಳ ತಾಗುವುದಕ್ಕೂ ಬೆನ್ನು ಬಾಗುವುದಕ್ಕೂ ಕೂದಲೆಳೆಯ ಅಂತರವಿದ್ದರೂ ಈಗಲೂ ಕುಳಿತಲ್ಲಿಂದಲೇ ಗದರುವವರು. ನಾನು ಬಂದ ಸುದ್ದಿ ಕೇಳಿ ಜಗಲಿಗೆ ಬಂದು ಕುಳಿತು, “ಬೆಂಗಳೂರಲ್ಲಿ ಅದೆಂಥ ಆಟ ನೋಡಿದೆ ಮಗ?” ಎಂದರು. ಮಾತಿನಲ್ಲಿ ಹೇಳಲು ಹೋಗಿ ಮತ್ತೆ ತಡವರಿಸಿದೆ. ಕೊನೆಗೆ ಎದ್ದು, ಕಂಡಷ್ಟನ್ನು ಮಾಡಿಯೇ ತೋರಿಸೋಣವೆಂದು ಪಾದವೆತ್ತದೆ ಜಗಲಿಯುದ್ದಕ್ಕೂ ಸರಿದು, ಅಂಚಿನಲ್ಲಿ ಭುಜ ತಿರುಗಿಸಿ, ಆ ನರ್ತಕಿ ಕಡೆಯಲ್ಲಿ ಬಿದ್ದಂತೆ ಮೆಲ್ಲನೆ ನೆಲಕ್ಕೆ ಕುಸಿದೆ.

ಅಜ್ಜಿ ನಗಲಿಲ್ಲ. ಎಲೆಯಡಿಕೆಯನ್ನು ದವಡೆಗೆ ಸರಿಸಿಕೊಂಡು ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದರು.

“ಮೊಣಕಾಲು ಮೊದಲೇ ಮಡಚಿಬಿಟ್ಟೆ,” ಎಂದರು. “ಏಳು. ಇನ್ನೊಂದು ಸಲ ಬೀಳು, ನೋಡುವ.”