ಬಿದರಿ ಸಾಮಾನಿನ ವಿತರಣೆ: ಹುಕ್ಕಾದಿಂದ ಸಂಗ್ರಾಹಕನ ಕಪಾಟಿನವರೆಗೆ

ಹವ್ಯಾಸದ ವಸ್ತುಗಳ ವ್ಯಾಪಾರವೆಂದರೆ ನೌಬಾದದ ವರ್ತಕ ಬಾಂಧವರಿಗೆ ಅಂಚೆಚೀಟಿ, ಬಣ್ಣದ ಡಬ್ಬಿ, ಆಟಿಕೆ ವಿಮಾನಗಳ ನೆನಪಾಗುವುದು ಸಹಜ. ಆದರೆ ನಮ್ಮ ಬೀದರಿನ ಚೌಬಾರಾ ಸುತ್ತಲಿನ ಓಣಿಗಳಲ್ಲಿ ತಯಾರಾಗುವ ಬಿದರಿ ಸಾಮಾನು ಸಹ ಇಂದು ಬಹುಮಟ್ಟಿಗೆ ಅದೇ ವರ್ಗಕ್ಕೆ ಸೇರಿದೆ.

ಹಿಂದೆ ಹೀಗಿರಲಿಲ್ಲ. ಹುಕ್ಕಾದ ಬುಡ, ಪಾನದಾನಿ, ಹೂಜಿಗಳು ಸಿರಿವಂತರ ಮನೆಗಳಲ್ಲಿ ನಿತ್ಯ ಬಳಕೆಯಲ್ಲಿದ್ದವು. 1851ರ ಲಂಡನ್ ಮಹಾಪ್ರದರ್ಶನದಲ್ಲಿಯೂ ಬಿದರಿ ಪಾತ್ರೆಗಳು ಪ್ರದರ್ಶಿತವಾದವು. ಹುಕ್ಕಾ ಮರೆಯಾಗುತ್ತ ಬಂದಂತೆ ಬಳಕೆದಾರನ ಸ್ಥಾನಕ್ಕೆ ಸಂಗ್ರಾಹಕನು ಬಂದನು. ಬಳಕೆದಾರನು ಅಂಗಡಿಗೆ ತಾನೇ ಬರುತ್ತಾನೆ. ಸಂಗ್ರಾಹಕನಿರುವಲ್ಲಿಗೆ ಸರಕನ್ನೇ ಒಯ್ಯಬೇಕಾಗುತ್ತದೆ. ವಿತರಕನ ಅವಶ್ಯಕತೆ ಹುಟ್ಟಿದ್ದು ಇಲ್ಲಿಯೇ.

1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದಾಗ, ಸುಮಾರು 140 ಕಿ.ಮೀ. ದೂರದ ಹೈದರಾಬಾದ್ ಪೇಟೆ ನೆರೆರಾಜ್ಯದ ಪಾಲಾಯಿತು. ಹೊಸ ರಾಜಧಾನಿ ಬೆಂಗಳೂರು ಸುಮಾರು 700 ಕಿ.ಮೀ. ದೂರದಲ್ಲಿತ್ತು. 1964ರಲ್ಲಿ ಸ್ಥಾಪನೆಗೊಂಡ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಈ ಅಂತರವನ್ನು ತುಂಬಲು ಯತ್ನಿಸಿತು. ನಿಗಮದ 'ಕಾವೇರಿ' ಮಳಿಗೆಗಳಲ್ಲಿ ಶ್ರೀಗಂಧದ ಕೆತ್ತನೆ, ಚನ್ನಪಟ್ಟಣದ ಆಟಿಕೆಗಳೊಡನೆ ಬಿದರಿಗೂ ಸ್ಥಾನ ದೊರೆಯಿತು. ಬೀದರಿನ ಹೆಸರನ್ನೇ ಕೇಳದ ಪ್ರವಾಸಿಯೂ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಬಿದರಿ ಹೂದಾನಿಯನ್ನು ಕಾಣುವಂತಾದುದು ಸಣ್ಣ ಸಾಧನೆಯೇನಲ್ಲ.

ಆದರೂ ಮೂಲ ತೊಡಕು ಬಂಡವಾಳದ್ದು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯಬೇಕು. ಅರದಿಂದ ಉಜ್ಜಿ, ಚಿತ್ರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಬೇಕು. ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಲೋಹವು ಕಪ್ಪಾಗುತ್ತದೆ, ಬೆಳ್ಳಿಯು ಬೆಳ್ಳಗೆ ಉಳಿಯುತ್ತದೆ. ಬೆಳ್ಳಿಗೆ ರೊಕ್ಕ ಮೊದಲೇ ತೆರಬೇಕು. ಮಾರಾಟವಾದ ಮೇಲೆ ಹಣ ಎಂಬ ಕರಾರಿನ ಮೇಲೆ ಸರಕು ಒಯ್ದ ವರ್ತಕನ ಕಪಾಟಿನಲ್ಲಿ ಹೂದಾನಿ ಆರು ತಿಂಗಳು ಕುಳಿತರೆ, ಕುಶಲಕರ್ಮಿಯ ಬೆಳ್ಳಿಯೂ ಆರು ತಿಂಗಳು ಅಲ್ಲಿಯೇ ಕುಳಿತಂತೆ. ಅಷ್ಟರಲ್ಲಿ ಬೆಳ್ಳಿಯ ಧಾರಣೆ ಏರಿದರೆ, ಕೈಸೇರಿದ ಹಣಕ್ಕೆ ಅಷ್ಟೇ ಬೆಳ್ಳಿ ಮರಳಿ ಸಿಗದು. ಹವ್ಯಾಸದ ಸರಕು ನಿಧಾನವಾಗಿ ಮಾರಾಟವಾಗುವುದು ಅದರ ಸ್ವಭಾವ. ಆ ನಿಧಾನದ ಬಡ್ಡಿಯನ್ನು ಹೊರುವವರು ಯಾರು ಎಂಬುದೇ ಪ್ರಶ್ನೆ. ನಮ್ಮಲ್ಲಿ ಅದನ್ನು ತಯಾರಕನ ತಲೆಗೆ ಕಟ್ಟುವ ರೂಢಿ ಹೆಚ್ಚು ಎಂದು ಹೇಳದೆ ವಿಧಿಯಿಲ್ಲ.

2006ರಲ್ಲಿ ದೊರೆತ ಭೌಗೋಳಿಕ ಸೂಚಿಯು ಬಿದರಿಯ ಹೆಸರನ್ನು ಕಾಯುತ್ತದೆ, ಕರ್ಮಿಯ ಕೈಗಡವನ್ನಲ್ಲ. 2011ರ ಗಣರಾಜ್ಯೋತ್ಸವದಲ್ಲಿ ರಾಜ್ಯದ ಸ್ತಬ್ಧಚಿತ್ರ ಬಿದರಿಯದಾಗಿತ್ತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಇದರಿಂದ ವಿಚಾರಣೆಗಳು ಹೆಚ್ಚಬಹುದು. ವಿಚಾರಣೆಯನ್ನು ಆರ್ಡರಾಗಿ ಮಾಡುವುದು ವಿತರಕನ ಕೆಲಸ.

ಬಿದರಿ ವ್ಯವಹಾರಕ್ಕೆ ಇಳಿಯಬಯಸುವ ಸದಸ್ಯರು ಆರ್ಡರಿನೊಡನೆ ಕನಿಷ್ಠ ಬೆಳ್ಳಿಯ ಬೆಲೆಯನ್ನಾದರೂ ಮುಂಗಡವಾಗಿ ಕೊಟ್ಟು, ಮಜೂರಿಯನ್ನು ಸರಕು ಕೈಸೇರಿದ ದಿನವೇ ಚುಕ್ತಾ ಮಾಡುವ ಕರಾರನ್ನು ಪರಿಶೀಲಿಸಬಹುದು.