ವಿಶೇಷ ಶಿಕ್ಷಣವೂ ಪೋಷಕರ ಸಲಹೆಯೂ: ಬಿಳಿಗಿರಿರಂಗನ ಬೆಟ್ಟದ ನಿದರ್ಶನ

ಅಂಗವೈಕಲ್ಯವುಳ್ಳ ಮಗುವಿನ ಶಿಕ್ಷಣವನ್ನು ಕುರಿತು ಶಾಲಾಡಳಿತಕ್ಕೆ ಸಲಹೆ ನೀಡುವ ಅರ್ಹತೆ ಯಾರಿಗುಂಟು? ವೈದ್ಯರಿಗೆ, ತರಬೇತಾದ ಶಿಕ್ಷಕರಿಗೆ, ಅಧಿಕಾರಿಗಳಿಗೆ ಎಂದು ಸಾಮಾನ್ಯವಾಗಿ ಉತ್ತರ ಬರುತ್ತದೆ. ಆ ಮಗುವನ್ನು ಹಗಲಿರುಳು ನೋಡಿಕೊಳ್ಳುವ ತಾಯಿಯ ಹೆಸರು ಪಟ್ಟಿಯ ಕೊನೆಯಲ್ಲಿ ಬಂದರೆ ಬಂದೀತು. ಈ ಕ್ರಮ ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಜನರ ನಿದರ್ಶನದಿಂದ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಸ್ಥಳದ ವಿಚಾರ. ಬೆಟ್ಟ ಒಂದೇ ಆದರೂ ಅದರ ಆಡಳಿತ ಒಂದಾಗಿರಲಿಲ್ಲ. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿ ಮೈಸೂರಿಗೆ ಸೇರಿತ್ತು; ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಜಿಲ್ಲೆ ಉದಯವಾದುದು 1997ರಲ್ಲಿ. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದುದು ಅದಕ್ಕೂ ಈಚೆಗೆ. ಹೀಗಾಗಿ ಒಂದೇ ಜನಾಂಗದವರು, ತಮ್ಮ ತಮ್ಮ ಪೋಡುಗಳಿಂದ ಇಳಿದು, ಬೇರೆ ಬೇರೆ ಕಚೇರಿಗಳ ಬಾಗಿಲಿಗೆ ಹೋಗಬೇಕಾಯಿತು. 1981ರಲ್ಲಿ ಡಾ. ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಬೆಟ್ಟದಲ್ಲಿ ವೈದ್ಯವೂ ವಿದ್ಯೆಯೂ ಜೊತೆಯಾಗಿ ಬೆಳೆದವು. ಈ ಜೊತೆಗೂಡುವಿಕೆ ನಮ್ಮ ವಿಷಯಕ್ಕೆ ಮುಖ್ಯವಾದುದು. ಕಾರಣವನ್ನು ಮುಂದೆ ಹೇಳುತ್ತೇವೆ.

ಸೋಲಿಗರಲ್ಲಿ ಕುಡುಗೋಲು ಕಣ ರೋಗ ಕಂಡುಬರುತ್ತದೆ. ತಂದೆತಾಯಿಗಳಿಬ್ಬರಿಂದಲೂ ದೋಷವು ಮಗುವಿಗೆ ಬಂದಾಗ ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಕೈಕಾಲುಗಳಲ್ಲಿ ತೀವ್ರವಾದ ನೋವನ್ನುಂಟುಮಾಡುತ್ತವೆ. ಚಳಿ, ನೀರಡಿಕೆ, ಅತಿಯಾದ ದಣಿವು ಇವು ನೋವನ್ನು ಕೆರಳಿಸುವಂಥವು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೆಸರಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು. ಆದರೆ ಇದು ಕುರುಡು ಕಿವುಡುಗಳಂತೆ ಹೊರಗೆ ಕಾಣುವುದಲ್ಲ. ಇಂದು ಆಡಿದ ಹುಡುಗ ನಾಳೆ ಏಳಲಾರ. ಹಾಜರಿ ಪುಸ್ತಕದ ಪ್ರಕಾರ ಅವನು ಗೈರುಹಾಜರಾದವನು, ಅಷ್ಟೆ. ಮುಂಜಾನೆ ತಣ್ಣೀರು ಸ್ನಾನ ಬೇಡ, ಪಾಠದ ನಡುವೆಯೂ ನೀರು ಕುಡಿಯಲು ಬಿಡಿ, ಬಿಸಿಲಿನಲ್ಲಿ ಓಡಿಸಬೇಡಿ ಎಂದು ಹೇಳಬಲ್ಲವರು ಮನೆಯವರು. ವಸತಿಯುಳ್ಳ ಆಶ್ರಮ ಶಾಲೆಗಳಲ್ಲಿ ಮಗು ಮನೆಯಿಂದಲೇ ದೂರವಿರುವುದರಿಂದ ಈ ತಿಳಿವಳಿಕೆ ಶಾಲೆಯನ್ನು ತಲಪುವುದು ಇನ್ನೂ ಕಷ್ಟ. ವೈದ್ಯನೂ ಉಪಾಧ್ಯಾಯನೂ ಮನೆಯವರೂ ಒಂದೆಡೆ ಕುಳಿತು ಮಾತನಾಡುವುದು ಏಕೆ ಅಗತ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಶಾಸನವು ಪೋಷಕರನ್ನು ಮರೆತಿಲ್ಲ. ಕರ್ನಾಟಕದಲ್ಲಿ 2001ರ ಸರ್ಕಾರಿ ಆದೇಶದಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆಂದೂ, ಸಮಿತಿಯಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ, ಅವಕಾಶವಂಚಿತ ವರ್ಗದ ಮಕ್ಕಳ ಪೋಷಕರಿಗೆ ಪ್ರಮಾಣಾನುಗುಣವಾದ ಪ್ರಾತಿನಿಧ್ಯ ಸಲ್ಲಬೇಕೆಂದೂ ವಿಧಿಸಿತು. 2012ರ ತಿದ್ದುಪಡಿಯು ಅಂಗವಿಕಲ ಮಗುವನ್ನೂ ಈ ವರ್ಗಕ್ಕೆ ಸೇರಿಸಿತು. ಅದೇ ತಿದ್ದುಪಡಿ ಅನುದಾನಿತ ಶಾಲೆಗಳಲ್ಲಿ ಸಮಿತಿಯ ಕಾರ್ಯವನ್ನು ಸಲಹೆಯಷ್ಟಕ್ಕೇ ಸೀಮಿತಗೊಳಿಸಿತೆಂಬುದನ್ನೂ ಗಮನಿಸಬೇಕು.

ತೊಡಕಿರುವುದು ಈ 'ಪ್ರಮಾಣ'ದಲ್ಲಿಯೇ. ಐವತ್ತು ಮಕ್ಕಳ ಶಾಲೆಯಲ್ಲಿ ಅಂತಹ ಮಗು ಒಂದೇ ಇದೆಯೆಂದೂ, ಸಮಿತಿಯಲ್ಲಿ ಹನ್ನೆರಡು ಮಂದಿ ಪೋಷಕರಿರುವರೆಂದೂ ಊಹಿಸೋಣ. ಲೆಕ್ಕದಂತೆ ಆ ಮನೆಗೆ ಸಲ್ಲುವುದು ಒಂದು ಸ್ಥಾನದ ಕಾಲು ಭಾಗವೂ ಅಲ್ಲ! ಬೆಟ್ಟದ ಶಾಲೆಗಳೋ ಚಿಕ್ಕವು. ಒಂದೊಂದರಲ್ಲಿಯೂ ಒಬ್ಬೊಬ್ಬರಂತೆ ಚದುರಿಹೋದ ಈ ಪೋಷಕರು ಎಲ್ಲಿಯೂ ಗುಂಪಾಗುವುದಿಲ್ಲ. ಅಲ್ಲದೆ, ಸಂಪನ್ಮೂಲ ಶಿಕ್ಷಕರು ಯಾವ ಶಾಲೆಗೆ ಎಂದು ಹೋಗಬೇಕು, ವೈದ್ಯಕೀಯ ತಪಾಸಣೆಯ ಶಿಬಿರ ಎಲ್ಲಿ ನಡೆಯಬೇಕು ಎಂಬಂಥವು ಒಂದು ಶಾಲೆಯಲ್ಲಿ ತೀರ್ಮಾನವಾಗುವ ಸಂಗತಿಗಳಲ್ಲ. ಇವು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಮತ್ತು ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ಕೆಲಸ. ಸಮಿತಿ ಇರುವುದು ಕೆಳಗೆ, ನಿರ್ಣಯವಾಗುವುದು ಮೇಲೆ.

ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ ಈ ತೊಡಕನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ್ದಾರೆ. 1972ರಲ್ಲಿಯೇ ವಿಶೇಷ ಶಿಕ್ಷಣದ ಶಾಸನವನ್ನು ಮಾಡಿದ ಆ ಸಂಸ್ಥಾನದ ಕಾನೂನಿನಂತೆ, ಒಂದೊಂದು ಶಾಲೆಗಲ್ಲ, ಅನೇಕ ಶಾಲೆಗಳುಳ್ಳ ಆಡಳಿತವಲಯಕ್ಕೆ ಒಂದರಂತೆ ಪೋಷಕರ ಸಲಹಾ ಮಂಡಲಿಯಿರಬೇಕು. ಅಂಗವಿಕಲ ಮಕ್ಕಳ ಪೋಷಕರೆಲ್ಲರೂ ಅದರ ಸದಸ್ಯರಾಗಬಹುದು. ವಲಯದ ಅಧಿಕಾರಿಗಳೊಡನೆ ಕಾಲಕಾಲಕ್ಕೆ ಸೇರಿ ಯೋಜನೆಯಲ್ಲಿಯೂ ಅದರ ಮೌಲ್ಯಮಾಪನದಲ್ಲಿಯೂ ಭಾಗವಹಿಸಬಹುದು. ಪ್ರಮಾಣದ ಲೆಕ್ಕ ಅಲ್ಲಿ ಏಳುವುದೇ ಇಲ್ಲ.

ಇಂತಹ ಮಂಡಲಿ ಸೋಲಿಗರಿಗೆ ಪರಕೀಯವಾದೀತೆಂದು ನಮಗೆ ತೋರುವುದಿಲ್ಲ. ಪೋಡಿನ ವ್ಯಾಜ್ಯವನ್ನು ಯಜಮಾನರ ಮುಂದೆ ಕುಳಿತು ಬಗೆಹರಿಸಿಕೊಳ್ಳುವ ಪದ್ಧತಿ ಅವರಲ್ಲಿ ಹಿಂದಿನಿಂದಲೂ ಇದೆ. ಈಚೆಗೆ ತಾಲ್ಲೂಕು ಮಟ್ಟದಲ್ಲಿ ಸೋಲಿಗ ಅಭಿವೃದ್ಧಿ ಸಂಘಗಳೂ ಬೆಳೆದಿವೆ. 2006ರ ಅರಣ್ಯ ಹಕ್ಕುಗಳ ಅಧಿನಿಯಮದನ್ವಯ ಪೋಡುಗಳ ಗ್ರಾಮಸಭೆಗಳು ಅರ್ಜಿ ಸಲ್ಲಿಸಿ, 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ವರ್ಷದಲ್ಲಿಯೇ, ಸಾಮುದಾಯಿಕ ಹಕ್ಕನ್ನು ಪಡೆದುವು. ಕಾಡಿನ ವಿಷಯದಲ್ಲಿ ಸರ್ಕಾರದೊಡನೆ ಸಮಾನವಾಗಿ ಕುಳಿತು ಮಾತನಾಡಿದವರನ್ನು ಮಕ್ಕಳ ವಿಷಯದಲ್ಲಿ ಸಹಿ ಹಾಕುವುದಕ್ಕೆ ಮಾತ್ರ ಕರೆಯುವುದು ವಿಚಿತ್ರವೇ ಸರಿ.

ತಾಲ್ಲೂಕಿಗೊಂದು ಪೋಷಕರ ಮಂಡಲಿಯನ್ನು ರಚಿಸಲು ಹೊಸ ಶಾಸನವನ್ನು ಕಾಯಬೇಕಾಗಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಸಲಹೆಗಾಗಿ ಪೋಷಕರನ್ನು ಕರೆಯುವುದಕ್ಕೆ ಅಡ್ಡಿಯೇನಿದೆ? ಆದರೆ ಸಭೆ ಎಲ್ಲಿ, ಎಂದು ಎಂಬುದು ಸಣ್ಣ ಮಾತಲ್ಲ. ಕೊಳ್ಳೇಗಾಲದ ಕಚೇರಿಯಲ್ಲಿ ಕೆಲಸದ ದಿನ ಬೆಳಗ್ಗೆ ಹತ್ತು ಗಂಟೆಗೆ ಸಭೆ ಕರೆದರೆ ಕಾಫಿ ತೋಟದ ಕೂಲಿಯನ್ನು ಬಿಟ್ಟು ಬರುವ ತಾಯಿಗೆ ಒಂದು ದಿನದ ಸಂಬಳ ಹೋಯಿತು, ಬಸ್ಸಿನ ವೆಚ್ಚ ಬೇರೆ. ಜೇನಿನ ಕಾಲದಲ್ಲಂತೂ ಪೋಡಿನ ಗಂಡಸರು ಕಾಡಿನಲ್ಲಿರುತ್ತಾರೆ. ಅಧಿಕಾರಿಗಳೇ ಜೀಪು ಹತ್ತಿ ಪೋಡಿಗೆ ಬಂದು, ಸಂಜೆಯ ಹೊತ್ತು ಕುಳಿತು ಕೇಳುವುದು ಹೆಚ್ಚು ಸುಲಭ.