ಸಿ.ಎಚ್. ಪುಡಿಯ ಸೇಂದಿ ಮತ್ತು ಹೆಣ್ಣಿನ ಮಿದುಳು

ರಾಯಚೂರು, ದೇವದುರ್ಗ, ಮಾನ್ವಿ ಕಡೆಯವರಿಗೆ ಸಿ.ಎಚ್. ಪುಡಿಯ ಸೇಂದಿಯನ್ನು ಪರಿಚಯಿಸಬೇಕಾಗಿಲ್ಲ. ಹೆಸರಿಗಷ್ಟೇ ಸೇಂದಿ, ಎಷ್ಟೋ ಸಲ ಅದು ಈಚಲ ಮರವನ್ನೇ ಕಂಡಿರುವುದಿಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, 1869ರಲ್ಲಿ ವೈದ್ಯರು ನಿದ್ರೆಗಾಗಿ ಬಳಸತೊಡಗಿದ ಔಷಧ. ಮದ್ಯದಂತೆ ಇದೂ ಮಿದುಳಿನ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವ ಹೆಚ್ಚಿಸಿ ನರಗಳಿಗೆ ಬ್ರೇಕ್ ಹಾಕುತ್ತದೆ.

ಕೂಲಿ ಮುಗಿಸಿ ಗಂಡನ ಜೊತೆ ಕುಡಿಯುವ ಹೆಂಗಸು ಎಷ್ಟೋ ಸಲ ಅವನಿಗಿಂತ ಬೇಗ ಸೋಲುವುದೇಕೆ? ‘ಅವಳ ಮನಸ್ಸು ಗಟ್ಟಿಯಿಲ್ಲ’ ಎನ್ನುತ್ತಾರೆ ಮನೆಯವರು. ತಪ್ಪು. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆ; ಅಷ್ಟೇ ಮದ್ಯ ಕುಡಿದರೂ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚು. ಯಕೃತ್ತೂ ಬೇಗ ಕೆಡುತ್ತದೆ. ಜೊತೆಗೆ, ಈಸ್ಟ್ರೋಜನ್ ಹಾರ್ಮೋನು ಮಿದುಳಿನಲ್ಲಿ ಚಟದ ಬೇರಾದ ಡೋಪಮೈನನ್ನು ಚುರುಕುಗೊಳಿಸುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಬಿಡಿಸುತ್ತೇವೆಂದು ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಪುಡಿಗೆ ಒಗ್ಗಿದ ಮಿದುಳಿಗೆ ಬ್ರೇಕ್ ಏಕಾಏಕಿ ತಪ್ಪಿದರೆ ಕೈ ನಡುಕ, ಭ್ರಮೆ, ಫಿಟ್ಸ್ ಬಂದು ಜೀವಕ್ಕೇ ಅಪಾಯ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ, ಔಷಧದ ಆಸರೆಯಲ್ಲಿ ನಿಧಾನವಾಗಿ ಬಿಡಿಸಬೇಕು. ಫೋನಿನಲ್ಲಿ ಸಲಹೆಗೆ ಟೆಲಿಮಾನಸ್, 14416. ಬಸುರಿಯಾಗಿದ್ದರೆ ಅಂದೇ ಕರೆತನ್ನಿ.